“ಯಾರ ಪಾಪದ ಫಲ ಇದು?”



ನಮ್ಮ ಧರ್ಮಕೇಂದ್ರದ ಯಾವುದಾದರೊಂದು ಮನೆಗೆ ದೊಡ್ಡ ಕಷ್ಟ ಬಂದಾಗ ನೆರೆಹೊರೆಯವರು, ಬಂಧುಬಳಗದವರು ಹೋಗಿ ಮಾತನಾಡಿಸಿ ಬರುವುದು ವಾಡಿಕೆ. ಎಳೆಯ ಮಗುವಿಗೆ ಕ್ಯಾನ್ಸರ್ ಎಂದು ಡಾಕ್ಟರು ತಿಳಿಸಿದ ಮನೆ, ದುಡಿಯುವ ಮಗನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡ ಮನೆ, ಪಾರ್ಶ್ವವಾಯು ಬಡಿದು ಯಜಮಾನರು ಹಾಸಿಗೆ ಹಿಡಿದಿರುವ ಮನೆ – ಇಂಥ ಮನೆಗಳು ಯಾವ ಊರಿನಲ್ಲಿಲ್ಲ? ಬಂದವರು ಜಪಸರ ಮುಗಿಸಿ, ಕಾಫಿ ಕುಡಿದು ಹೊರಡುವಾಗ ಒಬ್ಬರು ಮೆಲ್ಲಗೆ ಕೇಳುತ್ತಾರೆ: “ಯಾವುದಾದರೂ ಹರಕೆ ಬಾಕಿ ಇತ್ತೇನಕ್ಕಾ?” ಇನ್ನೊಬ್ಬರು, “ಎಲ್ಲ ದೇವರ ಚಿತ್ತ, ಸಹಿಸಿಕೊಳ್ಳಬೇಕು” ಎನ್ನುತ್ತಾರೆ. ಮತ್ತೊಬ್ಬರು, “ದೇವರು ತಮಗೆ ಬೇಕಾದವರಿಗೇ ಕಷ್ಟ ಕೊಡುವುದು” ಎಂದು ಸಮಾಧಾನ ಹೇಳುತ್ತಾರೆ.

ಹೇಳಿದವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶವಿಲ್ಲ. ಆದರೆ ಅವರೆಲ್ಲ ಹೋದ ಮೇಲೆ ಆ ಮನೆಯ ತಾಯಿಗೆ ನಿದ್ರೆ ಹತ್ತುವುದಿಲ್ಲ. ಮಗುವಿನ ಕಾಯಿಲೆಯ ಭಾರದ ಜೊತೆಗೆ ಈಗ ಇನ್ನೊಂದು ಭಾರ ಅವಳ ಎದೆಯ ಮೇಲೆ ಕುಳಿತಿದೆ: “ನಾನು ಮಾಡಿದ ಯಾವ ತಪ್ಪಿಗೆ ನನ್ನ ಮಗು ಹೀಗೆ ನರಳುತ್ತಿದೆ? ಪ್ರೀತಿಯ ದೇವರು ಎಂದು ಹೇಳಿಕೊಟ್ಟರಲ್ಲ, ಆ ದೇವರು ಇದನ್ನು ಹೇಗೆ ನೋಡುತ್ತಾ ಸುಮ್ಮನಿದ್ದಾರೆ?”

ಈ ವಾರದ ಪಾಠದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ.

ಕೇಳಬಾರದ ಪ್ರಶ್ನೆಯೇ?

ದೇವರು ಒಳ್ಳೆಯವರಾಗಿದ್ದರೆ ಕೇಡನ್ನು ತಡೆಯಲು ಬಯಸಬೇಕು. ಸರ್ವಶಕ್ತರಾಗಿದ್ದರೆ ತಡೆಯಲು ಸಾಧ್ಯವಾಗಬೇಕು. ಆದರೂ ಲೋಕದಲ್ಲಿ ಕೇಡು ಇದೆ. ಹಾಗಾದರೆ ದೇವರು ಒಳ್ಳೆಯವರಲ್ಲವೇ? ಅಥವಾ ಶಕ್ತರಲ್ಲವೇ? ಕ್ರಿಸ್ತ ಜಯಂತಿಗೂ ಮುಂಚಿನಿಂದ ತತ್ತ್ವಜ್ಞಾನಿಗಳು ಹೂಡುತ್ತಾ ಬಂದಿರುವ ವಾದವಿದು.

ಇಂಥ ಪ್ರಶ್ನೆ ಕೇಳುವುದೇ ವಿಶ್ವಾಸದ ಕೊರತೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. 13ನೇ ಶತಮಾನದ ಮಹಾ ದೈವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರು ದೇವರಿದ್ದಾರೆ ಎಂಬುದಕ್ಕೆ ಕಾರಣಗಳನ್ನು ಕೊಡುವ ಮುನ್ನ ಅದಕ್ಕೆ ಎದುರಾಗುವ ಆಕ್ಷೇಪಣೆಗಳನ್ನು ಬರೆದಿಟ್ಟರು. ಮೊದಲನೆಯ ಆಕ್ಷೇಪಣೆಯೇ ಇದು: ಲೋಕದಲ್ಲಿ ಕೇಡು ಏಕಿದೆ? ಧರ್ಮಸಭೆ ಈ ಪ್ರಶ್ನೆಗೆ ಹೆದರಿ ಬಾಗಿಲು ಹಾಕಿಕೊಂಡಿಲ್ಲ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಇದಕ್ಕೆ ಅವಸರದ ಉತ್ತರ ಯಾವುದೂ ಸಾಲದು ಎಂದು ಒಪ್ಪಿಕೊಳ್ಳುತ್ತದೆ. ಸೃಷ್ಟಿ, ಪಾಪ, ಕ್ರಿಸ್ತರ ಜನನ, ಶಿಲುಬೆ, ಪುನರುತ್ಥಾನ, ಬರಲಿರುವ ನಿತ್ಯಜೀವ – ಇವೆಲ್ಲ ಸೇರಿದ ಇಡೀ ಕ್ರೈಸ್ತ ವಿಶ್ವಾಸವೇ ಇದಕ್ಕೆ ಉತ್ತರ ಎಂದು ಅದು ಕಲಿಸುತ್ತದೆ.

ಆದ್ದರಿಂದ ಒಂದೇ ವಾಕ್ಯದಲ್ಲಿ ಈ ಪ್ರಶ್ನೆಯನ್ನು ಮುಗಿಸಲು ಹೊರಡುವ ಮಾತುಗಳ ವಿಷಯದಲ್ಲಿ ನಾವು ಎಚ್ಚರವಾಗಿರಬೇಕು. “ಪಾಪದ ಶಿಕ್ಷೆ” ಎನ್ನುವುದು ಅಂಥ ಮಾತುಗಳಲ್ಲಿ ಅತ್ಯಂತ ಹಳೆಯದು. ಪವಿತ್ರ ಬೈಬಲ್ಲಿನಲ್ಲಿ ಇಡೀ ಒಂದು ಗ್ರಂಥ ಇದನ್ನು ಎದುರಿಸಲಿಕ್ಕೆಂದೇ ನಿಂತಿದೆ.

ಯೋಬನ ಮನೆಗೆ ಬಂದ ಮೂವರು ಗೆಳೆಯರು

ಊಚ್ ದೇಶದ ಯೋಬ ನೀತಿವಂತ, ದೈವಭಕ್ತ. ಅವನಿಗೆ 7 ಗಂಡುಮಕ್ಕಳು, 3 ಹೆಣ್ಣುಮಕ್ಕಳು. 7,000 ಕುರಿಗಳು, 3,000 ಒಂಟೆಗಳು, 500 ಜೋಡಿ ಎತ್ತುಗಳು. ಒಂದೇ ದಿನದಲ್ಲಿ ಅವನು ಆಸ್ತಿಯನ್ನೂ ಮಕ್ಕಳನ್ನೂ ಕಳೆದುಕೊಂಡ. ಆಮೇಲೆ ಅಂಗಾಲಿನಿಂದ ನಡುನೆತ್ತಿಯವರೆಗೆ ಹುಣ್ಣಾಗಿ ಬೂದಿಯಲ್ಲಿ ಕುಳಿತ. ಸುದ್ದಿ ಕೇಳಿ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬಂದರು. ಅವನ ಸ್ಥಿತಿ ಕಂಡು ಗೋಳಾಡಿ ಅತ್ತರು. ಏಳು ದಿನ, ಏಳು ರಾತ್ರಿ ಬಾಯಿ ತೆರೆಯದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

ಆ ಏಳು ದಿನಗಳೇ ಅವರು ಮಾಡಿದ ಅತ್ಯುತ್ತಮ ಸೇವೆ. ಯೋಬ ತನ್ನ ಸಂಕಟವನ್ನು ತೋಡಿಕೊಂಡು, ತಾನು ಹುಟ್ಟಿದ ದಿನವನ್ನೇ ಶಪಿಸಿದಾಗ ಅವರಿಗೆ ಸುಮ್ಮನಿರಲಾಗಲಿಲ್ಲ. ಉಪದೇಶ ಶುರುವಾಯಿತು. ದೇವರು ನ್ಯಾಯವಂತರು, ನೀನು ಕಷ್ಟದಲ್ಲಿದ್ದೀಯೆ, ಆದ್ದರಿಂದ ನೀನು ಏನೋ ತಪ್ಪು ಮಾಡಿರಲೇಬೇಕು – ಇದು ಅವರ ಲೆಕ್ಕ. ನೀನು ಮಾಡಿರದಿದ್ದರೆ ನಿನ್ನ ಮಕ್ಕಳು ಮಾಡಿರಬೇಕು ಎನ್ನುವಷ್ಟು ದೂರ ಬಿಲ್ದದ ಹೋದ. ಮಕ್ಕಳನ್ನು ಮಣ್ಣು ಮಾಡಿದ ತಂದೆಯ ಮುಂದೆ ಆಡುವ ಮಾತೇ ಅದು?

ಯೋಬ ಆ ಲೆಕ್ಕವನ್ನು ಒಪ್ಪಲಿಲ್ಲ. ದೇವರನ್ನೂ ಬಿಡಲಿಲ್ಲ. ಅವರ ಮುಖಕ್ಕೆ ಮುಖ ಕೊಟ್ಟು ವಾದ ಮಾಡಿದ, ಕೂಗಾಡಿದ, ಉತ್ತರ ಕೊಡಿ ಎಂದು ಹಟ ಹಿಡಿದ. ಕೊನೆಗೆ ಸರ್ವೇಶ್ವರ ಬಿರುಗಾಳಿಯೊಳಗಿಂದ ಮಾತನಾಡಿದರು. ಭೂಮಿಗೆ ಅಸ್ತಿವಾರ ಹಾಕಿದ್ದು, ಕಡಲಿಗೆ ಎಲ್ಲೆ ಕಟ್ಟಿದ್ದು, ಕಾಡುಮೃಗಗಳಿಗೆ ಆಹಾರ ಒದಗಿಸುವುದು – ಇವನ್ನೆಲ್ಲ ತೋರಿಸಿದರು. ನಿನಗೆ ಈ ಕಷ್ಟ ಬಂದದ್ದು ಇಂಥ ಕಾರಣಕ್ಕೆ ಎಂದು ಮಾತ್ರ ಹೇಳಲಿಲ್ಲ. ಆದರೂ ಯೋಬನಿಗೆ ಸಮಾಧಾನ ಸಿಕ್ಕಿತು; ಏಕೆಂದರೆ ಅವನು ಬೇಡಿದ್ದ ದೇವರೇ ಅವನ ಬಳಿಗೆ ಬಂದಿದ್ದರು.

ಗ್ರಂಥದ ಕೊನೆಯ ಅಧ್ಯಾಯವನ್ನು ಗಮನವಿಟ್ಟು ಓದಿ (ಯೋಬ 42:7-9). ದೇವರ ಪರವಾಗಿ ವಕಾಲತ್ತು ಮಾಡಿದ ಮೂವರು ಗೆಳೆಯರ ಮೇಲೆ ದೇವರು ಸಿಟ್ಟಾಗುತ್ತಾರೆ. ದೂರು ಹೇಳಿದ ಯೋಬನೇ ತಮ್ಮ ವಿಷಯದಲ್ಲಿ ಸರಿಯಾಗಿ ಮಾತನಾಡಿದವನು ಎನ್ನುತ್ತಾರೆ. ಗೆಳೆಯರಿಗೆ ಕ್ಷಮೆ ಸಿಗಬೇಕಾದರೆ ಯೋಬ ಅವರಿಗಾಗಿ ಪ್ರಾರ್ಥಿಸಬೇಕಾಯಿತು! ಕಷ್ಟದ ಮನೆಯಲ್ಲಿ ಕಾರಣ ಹುಡುಕುವ ನಮ್ಮೆಲ್ಲರಿಗೂ ಇದು ಪಾಠ.

ಸಿಲೋವದ ಗೋಪುರ, ವೇಳಾಂಕಣಿಯ ಕಡಲು

ಪ್ರಭು ಯೇಸುವಿನ ಕಾಲದಲ್ಲೂ ಜನರು ಇದೇ ಲೆಕ್ಕವನ್ನು ಹಿಡಿದುಕೊಂಡಿದ್ದರು. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇದು ಇವನ ಪಾಪವೋ ಇವನ ತಂದೆತಾಯಿಯರ ಪಾಪವೋ ಎಂದು ಗುರುವನ್ನು ಕೇಳಿದರು (ಯೊವಾನ್ನ 9). ಎರಡೂ ಅಲ್ಲ ಎಂದರು ಯೇಸು. ದೇವರ ಕಾರ್ಯ ಅವನಲ್ಲಿ ಕಾಣಿಸಿಕೊಳ್ಳಬೇಕು ಎಂದು ಹೇಳಿ, ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿ, ಸಿಲೋವದ ಕೊಳದಲ್ಲಿ ತೊಳೆದುಕೊಳ್ಳಲು ಕಳುಹಿಸಿದರು. ಶಿಷ್ಯರು ಆತನಲ್ಲಿ ಚರ್ಚೆಗೊಂದು ವಿಷಯವನ್ನು ಕಂಡರು. ಯೇಸು ಕಣ್ಣಿಲ್ಲದ ಒಬ್ಬ ಮನುಷ್ಯನನ್ನು ಕಂಡರು.

ಅದೇ ಸಿಲೋವದ ಬಳಿ ಗೋಪುರವೊಂದು ಕುಸಿದು 18 ಮಂದಿ ಸತ್ತಿದ್ದರು. ಪಿಲಾತನು ಬಲಿಯರ್ಪಿಸುತ್ತಿದ್ದ ಗಲಿಲೇಯದವರನ್ನು ಕೊಲ್ಲಿಸಿದ ಸುದ್ದಿಯನ್ನು ಜನರು ತಂದಾಗ ಯೇಸು ಈ ಗೋಪುರದ ದುರಂತವನ್ನೂ ತಾವಾಗಿಯೇ ನೆನಪಿಸಿದರು (ಲೂಕ 13:1-5). ಒಂದು ಮನುಷ್ಯನ ಕ್ರೌರ್ಯ, ಇನ್ನೊಂದು ಆಕಸ್ಮಿಕ. ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳೇ ಎಂದು ಕೇಳಿ, ಎರಡಕ್ಕೂ ಖಂಡಿತ ಅಲ್ಲ ಎಂದು ತಾವೇ ಉತ್ತರಿಸಿದರು. ಪಶ್ಚಾತ್ತಾಪದ ಕರೆಯನ್ನೂ ಕೊಟ್ಟರು; ಆದರೆ ಕೊಟ್ಟದ್ದು ಬದುಕಿ ನಿಂತು ಕೇಳುತ್ತಿದ್ದವರಿಗೆ! ಸತ್ತವರ ಪಾಪವನ್ನು ಎಣಿಸುವ ಕೆಲಸ ಬಿಟ್ಟು ನಿಮ್ಮ ಬಾಳನ್ನು ತಿದ್ದಿಕೊಳ್ಳಿ ಎಂಬುದು ಅದರ ಅರ್ಥ.

ಈ ಮಾತನ್ನು ನಮ್ಮ ಕಾಲದ ಒಂದು ದುರಂತಕ್ಕೆ ಹಚ್ಚಿ ನೋಡೋಣ. 2004ರ ಡಿಸೆಂಬರ್ 26, ಕ್ರಿಸ್‌ಮಸ್ ಹಬ್ಬದ ಮರುದಿನ, ಭಾನುವಾರ. ಬೆಂಗಳೂರು, ಕೋಲಾರದ ಚಿನ್ನದ ಗಣಿ, ಮೈಸೂರು ಕಡೆಗಳಿಂದಲೂ ಭಕ್ತರು ಬಸ್ಸು, ರೈಲು ಹಿಡಿದು ಹೋಗುವ ವೇಳಾಂಕಣಿಯ ಆರೋಗ್ಯ ಮಾತೆಯ ಸನ್ನಿಧಿಯಲ್ಲಿ ಅಂದು ಯಾತ್ರಿಕರು ತುಂಬಿದ್ದರು. ಬೆಳಿಗ್ಗೆ ಕಡಲು ಉಕ್ಕಿ ಬಂತು. ಬಸಿಲಿಕದ ಒಳಗೆ ಇದ್ದವರು ಉಳಿದರು. ತೀರಕ್ಕೆ ಹೋಗಿದ್ದ ನೂರಾರು ಯಾತ್ರಿಕರನ್ನೂ ಅಲ್ಲಿನ ಅಂಗಡಿಯವರನ್ನೂ ನೀರು ಎಳೆದುಕೊಂಡು ಹೋಯಿತು. ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ ಸತ್ತವರು 6 ಸಾವಿರಕ್ಕೂ ಹೆಚ್ಚು. ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳಲ್ಲಿ ಒಟ್ಟು 2 ಲಕ್ಷಕ್ಕೂ ಹೆಚ್ಚು.

ಉಳಿದವರು ದೇವರಿಗೆ ಕೃತಜ್ಞತೆ ಸಲ್ಲಿಸಿದ್ದು ಸರಿಯೇ. ಆದರೆ, “ಮಾತೆ ತಮ್ಮ ಭಕ್ತರನ್ನು ಕಾಪಾಡಿದರು” ಎಂದು ಹೇಳಿ ನಾವು ಅಲ್ಲಿಗೇ ನಿಲ್ಲಿಸಿದರೆ, ತೀರದಲ್ಲಿ ಸತ್ತವರು ಮಾತೆಗೆ ಬೇಡವಾದವರು ಎಂದಂತಾಗುವುದಿಲ್ಲವೇ? ಅವರೂ ಹರಕೆ ಹೊತ್ತು ಬಂದವರೇ. ಅವರೂ ಮೇಣದಬತ್ತಿ ಹಚ್ಚಿದವರೇ. ಅವರು ಒಳಗಿದ್ದವರಿಗಿಂತ ದೊಡ್ಡ ಪಾಪಿಗಳೇ? ಯೇಸು ಈಗಾಗಲೇ ಉತ್ತರ ಕೊಟ್ಟಿದ್ದಾರೆ: ಖಂಡಿತ ಅಲ್ಲ.

ಹಾಗಾದರೆ ಪಾಪಕ್ಕೂ ಕಷ್ಟಕ್ಕೂ ಸಂಬಂಧವೇ ಇಲ್ಲವೇ? ಇದೆ. ಮನುಷ್ಯ ದೇವರಿಂದ ದೂರವಾದಾಗ ಇಡೀ ಸೃಷ್ಟಿಯ ಸಾಮರಸ್ಯ ಕೆಟ್ಟಿತು ಎಂದು ಆದಿಕಾಂಡ ಹೇಳುತ್ತದೆ. ಕುಡಿತದಿಂದ ಯಕೃತ್ತು ಕೆಡುತ್ತದೆ, ದ್ವೇಷದಿಂದ ಮನೆ ಒಡೆಯುತ್ತದೆ. ಪಾಪದಿಂದ ಕಷ್ಟ ಹುಟ್ಟುತ್ತದೆ ಎಂಬುದು ನಿಜ. ಆದರೆ ಒಬ್ಬನ ಕಷ್ಟವನ್ನು ನೋಡಿ ಅವನ ಪಾಪವನ್ನು ಊಹಿಸಲು ನಮಗೆ ಅಧಿಕಾರವಿಲ್ಲ. ಆ ದಾರಿಯನ್ನು ಪ್ರಭುವೇ ಮುಚ್ಚಿದ್ದಾರೆ.

ದೇವರು ಮಾಡುವುದು ಬೇರೆ, ಬಿಡುವುದು ಬೇರೆ

ಧರ್ಮಸಭೆ ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಕಲಿಸುತ್ತದೆ. ದೇವರು ಕೇಡನ್ನು ಉಂಟುಮಾಡುವುದಿಲ್ಲ. ಅದು ನಡೆಯಲು ಅವಕಾಶ ಕೊಡುತ್ತಾರೆ. ಏಕೆ? ನಮಗೆ ತಿಳಿದಿರುವ ಮಟ್ಟಿಗೆ ಎರಡು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಸ್ವಾತಂತ್ರ್ಯ. ಪ್ರೀತಿಸಲು ಬಲ್ಲವನು ಪ್ರೀತಿಯನ್ನು ನಿರಾಕರಿಸಲೂ ಬಲ್ಲವನಾಗಿರಬೇಕು. ಕೈ ಎತ್ತಿದಾಗಲೆಲ್ಲ ಆ ಕೈಯನ್ನು ದೇವರು ತಡೆದರೆ ನಾವು ಮಕ್ಕಳಾಗಿರುವುದಿಲ್ಲ, ಸೂತ್ರದ ಗೊಂಬೆಗಳಾಗಿರುತ್ತೇವೆ. ಲೋಕದ ಸಂಕಟದಲ್ಲಿ ಎಷ್ಟು ದೊಡ್ಡ ಪಾಲು ಮನುಷ್ಯನ ಕೈಯಿಂದ ಬಂದದ್ದು ಎಂದು ಯೋಚಿಸಿ. 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಅದನ್ನು ದೇವರ ಚಿತ್ತ ಎನ್ನುವುದು ದೇವರ ಮೇಲೆ ಸುಳ್ಳು ಆರೋಪ ಹೊರಿಸಿದಂತೆ. ನಮ್ಮ ನಿರ್ಲಕ್ಷ್ಯವನ್ನು ಮುಚ್ಚಲು ದೇವರ ಹೆಸರನ್ನು ಬಳಸಬಾರದು.

ಎರಡನೆಯದು, ಲೋಕವಿನ್ನೂ ಪೂರ್ಣವಾಗಿಲ್ಲ, ಪೂರ್ಣತೆಯತ್ತ ಪಯಣಿಸುತ್ತಿದೆ. ಸುನಾಮಿಗೆ ಕಾರಣವಾದ ಭೂಕಂಪ ಸುಮಾತ್ರಾ ದ್ವೀಪದ ಬಳಿ ಸಮುದ್ರತಳದ ಭೂಫಲಕಗಳು ಜರುಗಿದ್ದರಿಂದ ಆಯಿತು. ಹಿಮಾಲಯ ಮೇಲೆದ್ದದ್ದೂ, ನಮ್ಮ ನದಿಗಳು ಅಲ್ಲಿಂದ ಹರಿದು ಬಯಲನ್ನು ಫಲವತ್ತು ಮಾಡಿದ್ದೂ ಇಂಥದೇ ಚಲನೆಯಿಂದ. ಕಟ್ಟುವ ಶಕ್ತಿಗಳೂ ಕೆಡವುವ ಶಕ್ತಿಗಳೂ ಜೊತೆಜೊತೆಯಾಗಿ ಕೆಲಸ ಮಾಡುವ ಸೃಷ್ಟಿ ಇದು. ಪ್ರಸವವೇದನೆ ಪಡುವವರಂತೆ ಸೃಷ್ಟಿಯೆಲ್ಲ ನರಳುತ್ತಿದೆ ಎಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಹೇಳುವುದು ಇದನ್ನೇ.

ಇಲ್ಲಿಯೂ ನಮ್ಮ ಹೊಣೆ ಇದೆ. ಭೂಕಂಪವಾಗಿ ಎರಡು ಗಂಟೆಗೂ ಹೆಚ್ಚು ಕಾಲದ ಬಳಿಕ ಅಲೆಗಳು ನಮ್ಮ ಪೂರ್ವ ಕರಾವಳಿಗೆ ಬಡಿದವು. ಅಂದು ಹಿಂದೂ ಮಹಾಸಾಗರಕ್ಕೆ ಮುನ್ನೆಚ್ಚರಿಕೆಯ ವ್ಯವಸ್ಥೆ ಇರಲಿಲ್ಲ. 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಸ್ಥಾಪನೆಯಾಯಿತು. “ದೇವರು ಶಿಕ್ಷಿಸಿದರು” ಎಂದು ಕೈಕಟ್ಟಿ ಕುಳಿತವರಿಂದ ಇಂಥ ಕೇಂದ್ರ ಆಗುವುದಿಲ್ಲ. ದೇವರು ಕೊಟ್ಟ ಬುದ್ಧಿಯನ್ನು ನೆರೆಯವನ ಜೀವ ಉಳಿಸಲು ಬಳಸುವುದೂ ಪ್ರೀತಿಯ ಕಾರ್ಯವೇ.

ದೇವರು ಕೇಡಿನಿಂದಲೂ ಒಳಿತನ್ನು ಹೊರತೆಗೆಯಬಲ್ಲರು ಎಂದು ಸಂತ ಅಗಸ್ಟೀನರು ಕಲಿಸಿದರು. ಅಣ್ಣಂದಿರು ಗುಲಾಮನಾಗಿ ಮಾರಿದ ಜೋಸೆಫನಿಂದಲೇ ಬರಗಾಲದಲ್ಲಿ ಅದೇ ಅಣ್ಣಂದಿರ ಜೀವ ಉಳಿಯಿತಲ್ಲವೇ? ಆದರೆ ಈ ಬೋಧನೆಯನ್ನು ಜಾಗರೂಕತೆಯಿಂದ ಬಳಸಬೇಕು. ಜೋಸೆಫನು ಅದನ್ನು ತನ್ನ ಬಾಳಿನ ಬಗ್ಗೆ, ಬಹಳ ವರ್ಷಗಳ ನಂತರ, ಕಣ್ಣೀರಿಡುತ್ತಾ ತಾನೇ ಹೇಳಿಕೊಂಡ. ಅವನು ಇನ್ನೂ ಗುಂಡಿಯಲ್ಲಿ ಬಿದ್ದಿರುವಾಗ ಮೇಲಿನಿಂದ ಬಗ್ಗಿ, “ಎಲ್ಲ ಒಳ್ಳೆಯದಕ್ಕೇ” ಎಂದು ಇನ್ನೊಬ್ಬರು ಹೇಳಿದ್ದರೆ ಅದು ಕ್ರೌರ್ಯವಾಗುತ್ತಿತ್ತು. ಒಳಿತು ಹುಟ್ಟಿತು ಎಂದಮಾತ್ರಕ್ಕೆ ಕೇಡು ಒಳಿತಾಗುವುದಿಲ್ಲ.

ಶಿಲುಬೆಯ ಮೇಲೆ ಸಿಕ್ಕ ಉತ್ತರ

ಇಷ್ಟೆಲ್ಲ ಕಾರಣಗಳನ್ನು ಕೇಳಿದ ಮೇಲೂ ಆ ತಾಯಿ, “ಸರಿ, ಆದರೆ ನನ್ನ ಮಗುವೇ ಏಕೆ?” ಎಂದು ಕೇಳಿದರೆ? ಆ ಪ್ರಶ್ನೆಗೆ ಯಾವ ಗುರುಗಳ ಬಳಿಯೂ ಯಾವ ದೈವಶಾಸ್ತ್ರಜ್ಞರ ಬಳಿಯೂ ಉತ್ತರವಿಲ್ಲ. ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಕ್ರೈಸ್ತ ವಿಶ್ವಾಸದ ಬಳಿ ಇರುವುದು ಬೇರೊಂದು: ಕಷ್ಟವನ್ನು ದೂರದಿಂದ ನೋಡುತ್ತಾ ಕುಳಿತಿರದ ಒಬ್ಬ ದೇವರು.

ಗೆಳೆಯ ಲಾಜರನ ಸಮಾಧಿಯ ಮುಂದೆ ಯೇಸು ಅತ್ತರು. ಅವನನ್ನು ಎಬ್ಬಿಸಲಿದ್ದೇನೆ ಎಂದು ಗೊತ್ತಿದ್ದೂ ಅತ್ತರು. ಅಳಬೇಡಿ ಎಂದು ಸಹೋದರಿಯರಿಗೆ ಬುದ್ಧಿ ಹೇಳಲಿಲ್ಲ. ಗೆತ್ಸೆಮನೆ ತೋಪಿನಲ್ಲಿ ಆ ಪಾತ್ರೆ ತಮ್ಮಿಂದ ದೂರವಾಗಲಿ ಎಂದು ಬೇಡಿಕೊಂಡರು. ಶಿಲುಬೆಯ ಮೇಲೆ, ದೇವರು ತಮ್ಮನ್ನು ಕೈಬಿಟ್ಟರೇಕೆ ಎಂದು 22ನೇ ಕೀರ್ತನೆಯ ಮಾತುಗಳಲ್ಲಿ ಕೂಗಿದರು. “ಏಕೆ?” ಎಂಬ ನಮ್ಮ ಪ್ರಶ್ನೆ ದೇವಪುತ್ರನ ಬಾಯಿಂದಲೇ ಬಂದಿದೆ! ಆಮೇಲೆ ಆ ಪ್ರಶ್ನೆ ಕೇಳಿದ್ದಕ್ಕೆ ಯಾವ ತಾಯಿಯೂ ನಾಚಬೇಕಾಗಿಲ್ಲ.

ಮೂರನೆಯ ದಿನ ಪಿತದೇವರು ಅವರನ್ನು ಎಬ್ಬಿಸಿದರು. ಪುನರುತ್ಥಾನರಾದ ಪ್ರಭು ಶಿಷ್ಯರಿಗೆ ಕಾಣಿಸಿಕೊಂಡಾಗ ಅವರ ಕೈಗಳಲ್ಲಿ ಮೊಳೆಯ ಗಾಯಗಳು ಹಾಗೆಯೇ ಇದ್ದವು. ಮಹಿಮೆಯ ದೇಹದಲ್ಲೂ ಗಾಯಗಳು ಅಳಿಸಿಹೋಗಲಿಲ್ಲ. ನಾವು ಪಟ್ಟ ನೋವನ್ನು ದೇವರು ಇಲ್ಲವೆನಿಸುವುದಿಲ್ಲ. ಅದಕ್ಕೆ ಕೊನೆಯ ಮಾತನ್ನಾಡಲು ಮಾತ್ರ ಬಿಡುವುದಿಲ್ಲ. ಇದೇ ನಮ್ಮ ಭರವಸೆ.

ಈ ರಹಸ್ಯವನ್ನು ತಮ್ಮ ದೇಹದಲ್ಲೇ ಕಲಿತವರು ಪೋಪ್ ಸಂತ ಎರಡನೇ ಜಾನ್ ಪೌಲ್. ಎಂಟನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ವೈದ್ಯರಾಗಿದ್ದ ಅಣ್ಣ ರೋಗಿಯೊಬ್ಬರಿಂದ ಸೋಂಕು ತಗಲಿ 1932ರಲ್ಲಿ ತೀರಿಕೊಂಡರು. 1941ರಲ್ಲಿ ತಂದೆಯೂ ಹೋದರು. 1981ರ ಮೇ 13ರಂದು ಸಂತ ಪೇತ್ರರ ಚೌಕದಲ್ಲಿ ಅವರ ಮೇಲೆ ಗುಂಡು ಹಾರಿಸಲಾಯಿತು. ಇದಾಗಿ ಮೂರು ವರ್ಷ ತುಂಬುವ ಮುನ್ನ, 1984ರ ಫೆಬ್ರವರಿ 11ರಂದು, ಮಾನವ ಸಂಕಟದ ಕ್ರೈಸ್ತ ಅರ್ಥವನ್ನು ಕುರಿತು ‘ಸಾಲ್ವಿಫಿಚಿ ದೊಲೋರಿಸ್’ ಎಂಬ ಪ್ರೇಷಿತ ಪತ್ರವನ್ನು ಹೊರಡಿಸಿದರು. ನಮ್ಮ ನೋವನ್ನು ಕ್ರಿಸ್ತರ ನೋವಿನೊಂದಿಗೆ ಸೇರಿಸಿ ಅರ್ಪಿಸಿದಾಗ ಅದು ವ್ಯರ್ಥವಾಗುವುದಿಲ್ಲ, ಲೋಕದ ಉದ್ಧಾರದಲ್ಲಿ ಪಾಲು ಪಡೆಯುತ್ತದೆ ಎಂದು ಅದರಲ್ಲಿ ಬೋಧಿಸಿದರು. ಪತ್ರದ ಕೊನೆಯ ಭಾಗದಲ್ಲಿ ದಯಾಳು ಸಮಾರಿಯದವನ ಸಾಮತಿಯನ್ನು ಎತ್ತಿಕೊಂಡರು: ನರಳುವವನನ್ನು ಕಂಡಾಗ ನಮ್ಮಲ್ಲಿ ಪ್ರೀತಿ ಎದ್ದು ನಿಲ್ಲಬೇಕು, ಕೈಗಳು ಮುಂದೆ ಚಾಚಬೇಕು.

ಗಮನಿಸಿ, ಆ ಸಾಮತಿಯಲ್ಲಿ ಸಮಾರಿಯದವನು ಗಾಯಗೊಂಡವನನ್ನು, “ನಿನಗೇಕೆ ಹೀಗಾಯಿತು?” ಎಂದು ಕೇಳಲೇ ಇಲ್ಲ. ಎಣ್ಣೆ, ದ್ರಾಕ್ಷಾರಸ ಹಚ್ಚಿ ಗಾಯ ಕಟ್ಟಿದ. ತನ್ನ ವಾಹನದ ಮೇಲೆ ಕೂರಿಸಿದ. ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟ.

ಶಾಪವೆಂದವರು, ಸೇವೆ ಮಾಡಿದವರು

ಈ ಎರಡು ದಾರಿಗಳ ನಡುವಿನ ವ್ಯತ್ಯಾಸ ನಮ್ಮ ನಾಡಿನ ಚರಿತ್ರೆಯಲ್ಲೂ ಕಾಣಸಿಗುತ್ತದೆ. ಕುಷ್ಠರೋಗವನ್ನು ಎಷ್ಟೋ ಶತಮಾನಗಳ ಕಾಲ ಎಲ್ಲ ಮತಗಳವರೂ ಪಾಪದ ಫಲ, ದೇವರ ಶಾಪ ಎಂದು ನಂಬಿದ್ದರು. ರೋಗಿಗಳನ್ನು ಊರ ಹೊರಗೆ ಅಟ್ಟಿದ್ದರು. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಗುರು ಫಾದರ್ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗಾಗಿಯೇ ಒಂದು ಆಶ್ರಯವನ್ನು ತೆರೆದರು. ಯಾರ ಪಾಪ ಎಂದು ಕೇಳದೆ ಹುಣ್ಣು ತೊಳೆದ ಆ ಕೆಲಸದಿಂದಲೇ ಇಂದಿನ ದೊಡ್ಡ ಆಸ್ಪತ್ರೆ, ವೈದ್ಯಕೀಯ ಕಾಲೇಜು ಬೆಳೆದವು.

ಕುಷ್ಠರೋಗಕ್ಕೆ ಕಾರಣ ಒಂದು ರೋಗಾಣು ಎಂಬುದನ್ನು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದಿದ್ದರು. 1980ರ ದಶಕದಿಂದ ಹಲವು ಔಷಧಗಳನ್ನು ಜೊತೆಯಾಗಿ ಕೊಡುವ ಚಿಕಿತ್ಸೆಯಿಂದ ಅದು ಸಂಪೂರ್ಣವಾಗಿ ವಾಸಿಯಾಗುತ್ತಿದೆ. ಶಾಪವೆಂದು ಹೇಳಿದವರು ಒಬ್ಬ ರೋಗಿಯನ್ನೂ ಗುಣಪಡಿಸಲಿಲ್ಲ. ಹುಟ್ಟುಕುರುಡನಲ್ಲಿ ದೇವರ ಕಾರ್ಯ ಕಾಣಿಸಿಕೊಳ್ಳಬೇಕು ಎಂದು ಯೇಸು ಹೇಳಿದ್ದು ನೆನಪಿದೆಯೇ? ಅದು ಕಾಣಿಸಿಕೊಳ್ಳುವುದು ಹೀಗೆ.

ಕಷ್ಟದ ಮನೆಗೆ ಹೋದಾಗ

ಹಾಗಾದರೆ ನಮ್ಮ ನೆರೆಯ ಆ ಮನೆಗೆ ಹೋದಾಗ ನಾವು ಏನು ಮಾಡಬೇಕು?

1. ಮೊದಲು ಕುಳಿತುಕೊಳ್ಳಿ. ಯೋಬನ ಗೆಳೆಯರ ಮೊದಲ ಏಳು ದಿನಗಳನ್ನು ಅನುಸರಿಸಿ, ಎಂಟನೆಯ ದಿನವನ್ನಲ್ಲ. ಹೇಳಲು ಮಾತು ಸಿಗದಿದ್ದರೆ ಸುಮ್ಮನೆ ಕೈ ಹಿಡಿದುಕೊಳ್ಳಿ. ಶಿಲುಬೆಯ ಬುಡದಲ್ಲಿ ನಿಂತಿದ್ದ ಮಾತೆ ಮರಿಯಮ್ಮನವರು ಒಂದು ಮಾತನ್ನಾದರೂ ಆಡಿದರೆಂದು ಶುಭಸಂದೇಶ ಬರೆದಿಲ್ಲ. ಅವರು ನಿಂತಿದ್ದರು ಎಂದಷ್ಟೇ ಬರೆದಿದೆ.

2. ಕಾರಣ ಹುಡುಕಬೇಡಿ. ಹರಕೆ, ಶಾಪ, ಹಿರಿಯರ ತಪ್ಪು, ಯಾರದೋ ಕಣ್ಣು – ಇವುಗಳ ಮಾತೇ ಬೇಡ. ಬೇರೆಯವರು ಎತ್ತಿದರೆ ವಿನಯದಿಂದ ತಡೆಯಿರಿ.

3. ಕೈಯಿಂದಾಗುವ ಕೆಲಸ ಮಾಡಿ. ಒಂದು ಹೊತ್ತಿನ ಅನ್ನ ಸಾರು ಕೊಂಡುಹೋಗಿ. ಆಸ್ಪತ್ರೆಯಲ್ಲಿ ಒಂದು ರಾತ್ರಿ ನೀವು ಮಲಗಿ, ಮನೆಯವರನ್ನು ನಿದ್ರಿಸಲು ಕಳುಹಿಸಿ. ಉಳಿದ ಮಕ್ಕಳನ್ನು ಶಾಲೆಗೆ ಬಿಟ್ಟು ಬನ್ನಿ. ಔಷಧದ ಖರ್ಚಿಗೆ ವಿನ್ಸೆಂಟ್ ದಿ ಪೌಲ್ ಸಭೆಯವರಿಗೆ ಸದ್ದಿಲ್ಲದೆ ತಿಳಿಸಿ.

4. ಗುರುಗಳನ್ನು ಬೇಗ ಕರೆಯಿರಿ. ರೋಗಿಗಳಿಗೆ ತೈಲ ಲೇಪಿಸುವ ಸಂಸ್ಕಾರ ಸಾಯುವ ಕೊನೆಯ ಗಳಿಗೆಗೆ ಮಾತ್ರ ಮೀಸಲಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ ಸ್ಪಷ್ಟಪಡಿಸಿದೆ. ಗಂಭೀರ ಕಾಯಿಲೆಯವರು, ದೊಡ್ಡ ಆಪರೇಷನ್ನಿಗೆ ಹೋಗುವವರು, ಮುಪ್ಪಿನಿಂದ ಬಳಲಿದವರು ಇದನ್ನು ಸ್ವೀಕರಿಸಬಹುದು. ಗುರುಗಳು ಬಂದರೆ ಸಾವು ಹತ್ತಿರವಾಯಿತೆಂಬ ಭಯವನ್ನು ಮನೆಯವರ ಮನಸ್ಸಿನಿಂದ ತೆಗೆಯಿರಿ.

5. ಚಿಕಿತ್ಸೆಯನ್ನು ಅವಿಶ್ವಾಸವೆಂದು ಭಾವಿಸಬೇಡಿ. ನೋವು ಕಡಿಮೆ ಮಾಡುವ ಔಷಧ ತೆಗೆದುಕೊಳ್ಳುವುದು ಶಿಲುಬೆಯನ್ನು ಕೆಳಗಿಟ್ಟಂತಲ್ಲ. ಮನಸ್ಸಿನ ಖಿನ್ನತೆಗೂ ಡಾಕ್ಟರರಿದ್ದಾರೆ. ಪ್ರಾರ್ಥನೆಯೂ ಔಷಧವೂ ಜೊತೆಯಾಗಿ ಸಾಗಲಿ.

6. ಎಲ್ಲ ಕಷ್ಟವನ್ನೂ ಶಿಲುಬೆ ಎನ್ನಬೇಡಿ. ಕುಡಿದು ಬಂದು ಹೊಡೆಯುವ ಗಂಡನನ್ನು ಸಹಿಸಿಕೋ, ಅದು ನಿನ್ನ ಶಿಲುಬೆ ಎಂದು ಹೆಣ್ಣುಮಗಳಿಗೆ ಹೇಳುವುದು ಶುಭಸಂದೇಶವಲ್ಲ. ತಡೆಯಬಹುದಾದ ಅನ್ಯಾಯವನ್ನು ತಡೆಯಬೇಕು; ಅವಳಿಗೆ ಸುರಕ್ಷಿತ ಆಸರೆ ಒದಗಿಸಬೇಕು.

7. ತಿಂಗಳು ಕಳೆದ ಮೇಲೆ ಮತ್ತೆ ಹೋಗಿ. ಅಂತ್ಯಕ್ರಿಯೆಯ ದಿನ ಮನೆ ತುಂಬಾ ಜನರಿರುತ್ತಾರೆ. ಮೂರು ತಿಂಗಳ ನಂತರದ ಸಂಜೆ ಯಾರೂ ಇರುವುದಿಲ್ಲ. ತೀರಿಹೋದವರ ಹೆಸರು ಹಿಡಿದು ಮಾತನಾಡಿ. ಮನೆಯವರಿಗೆ ಅದೇ ದೊಡ್ಡ ಸಾಂತ್ವನ.

ಈಗ ಕಷ್ಟದಲ್ಲಿರುವವರಿಗೆ ಒಂದು ಮಾತು

ಈ ಪುಟವನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಓದುತ್ತಿರುವ ತಾಯಂದಿರು, ತಂದೆಯಂದಿರು ಇರಬಹುದು. ನಿಮಗೆ ಇಷ್ಟು ಹೇಳಬಯಸುತ್ತೇವೆ. ನಿಮ್ಮ ಮಗುವಿನ ಕಾಯಿಲೆ ನಿಮ್ಮ ಪಾಪದ ಬಿಲ್ಲಲ್ಲ. ದೇವರು ಹಾಗೆ ವಸೂಲಿ ಮಾಡುವವರಲ್ಲ. ಪ್ರಾರ್ಥಿಸಲು ಮನಸ್ಸಾಗದಿದ್ದರೆ ಹೆದರಬೇಡಿ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಅಳಲಿನ ಕೀರ್ತನೆಗಳೇ. ಅವುಗಳಲ್ಲಿ 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ, ಏಕೆಂದರೆ ಅದನ್ನು ದೇವರ ಮುಂದೆಯೇ ಹೇಳಲಾಗಿದೆ. ಬಲಿಪೂಜೆಗೆ ಹೋದಾಗ ಹಾಡಲು ಸ್ವರ ಬರದಿದ್ದರೆ ಸುಮ್ಮನೆ ಕುಳಿತಿರಿ. ಸುತ್ತಲಿನ ವಿಶ್ವಾಸಿಗಳು ನಿಮ್ಮ ಪಾಲಿಗೂ ಹಾಡುತ್ತಾರೆ. ಧರ್ಮಸಭೆ ಇರುವುದು ಇದಕ್ಕಾಗಿಯೇ.

ಕುಟುಂಬದಲ್ಲಿ ಮಾತನಾಡಲು

1. ನಮ್ಮ ಮನೆಗೆ ಕಷ್ಟ ಬಂದಾಗ ಯಾರ ಯಾವ ಮಾತು ಅಥವಾ ಕೆಲಸ ನಮಗೆ ನಿಜವಾಗಿ ಧೈರ್ಯ ಕೊಟ್ಟಿತು? ಯಾವ ಮಾತು ನೋಯಿಸಿತು?

2. ಯೋಬನು ದೇವರೊಡನೆ ವಾದಿಸಿದಂತೆ ನಾವೂ ಮನಬಿಚ್ಚಿ ಪ್ರಾರ್ಥಿಸಿದ್ದೇವೆಯೇ? ಮಕ್ಕಳಿಗೆ ಹಾಗೆ ಪ್ರಾರ್ಥಿಸಲು ಕಲಿಸಿದ್ದೇವೆಯೇ?

3. ನಮ್ಮ ವಾಳೆಯಲ್ಲಿ ಬಹುಕಾಲದಿಂದ ಹಾಸಿಗೆ ಹಿಡಿದವರು ಯಾರಿದ್ದಾರೆ? ಈ ವಾರ ನಮ್ಮ ಮನೆಯಿಂದ ಅವರಿಗೆ ಏನು ಮಾಡಬಹುದು?

ಪ್ರಾರ್ಥನೆ

ಗೆಳೆಯನ ಸಮಾಧಿಯ ಮುಂದೆ ಕಣ್ಣೀರಿಟ್ಟ ಪ್ರಭುವೇ, ನಮ್ಮ ಎಲ್ಲ ಪ್ರಶ್ನೆಗಳಿಗೆ ಈ ಲೋಕದಲ್ಲಿ ಉತ್ತರ ಸಿಗದೆಂದು ಬಲ್ಲೆವು. ನರಳುವವರ ಬಳಿ ನೀವಿರಿ. ನಮ್ಮನ್ನೂ ಅವರ ಬಳಿಗೆ ಕಳುಹಿಸಿರಿ. ತೀರ್ಪಿನ ಮಾತನ್ನು ನಮ್ಮ ನಾಲಗೆಯಿಂದ ತೆಗೆದು, ಸೇವೆಯ ಶಕ್ತಿಯನ್ನು ನಮ್ಮ ಕೈಗಳಿಗೆ ಕೊಡಿರಿ. ಎಲ್ಲ ಕಣ್ಣೀರನ್ನೂ ನೀವೇ ಒರೆಸುವ ಆ ದಿನದವರೆಗೆ ನಮ್ಮನ್ನು ಭರವಸೆಯಲ್ಲಿ ಕಾಪಾಡಿರಿ. ಆಮೆನ್.